ಮಜ್ಜಿಗೆ ಸಪ್ಪಲಮ್ಮನ ನಕ್ಷೆ

ಸೇಲಂ ಕಡೆಯ ಹೊಸ ಪಾರ್ಕೊಂದರ ಬಾಗಿಲಲ್ಲಿ ಮಜ್ಜಿಗೆ ಮಾರುವ ಸಪ್ಪಲಮ್ಮನ ಹತ್ತಿರ ಅದನ್ನು ಕಟ್ಟಿಸಿದ ಓವರ್ಸಿಯರ್ ಸಾಹೇಬರ ನಕ್ಷೆಗಿಂತ ಒಳ್ಳೆಯ ನಕ್ಷೆಯಿದೆ. ಅವರು ಕಣ್ಣಿಗೆ ಬಿದ್ದರೆ ಸಾಕು, ಮಣ್ಣಿನ ಮೇಲೆ ಕಡ್ಡಿಯಲ್ಲಿ ಗೀಚುತ್ತಾಳೆ: ಹೆಂಗಸರ ಕಕ್ಕಸು ಇಲ್ಲಿ, ಮರೆಗೋಡೆ ಅಲ್ಲಿ, ಬಾಗಿಲು ಬೀದಿಗೆ ಬೆನ್ನು ಮಾಡಿ. ಅವರು ಅದನ್ನು ಬೂಟಿನಲ್ಲಿ ತುಳಿದು, “ಗಂಡಸರಿಗೆ ಕಟ್ಟಿದ್ದೀವಿ, ಪೋಮ್ಮಾ, ಹೋಗು! ಯಾವ ಹೆಂಗಸೂ ಕೇಳಿಲ್ಲ” ಅನ್ನುತ್ತಾರೆ. “ದಿನಾ ಕೇಳೋಳು ನಾನು ಹೆಂಗಸಲ್ವಾ ಸಾಮಿ? ಒರಕ್ಕೋಗಾಕೂ ಒಂದು ಒಳಗೆ ಅಂತ ಬೇಡ್ವಾ?” ಎಂದು ಆಕೆ ಮತ್ತೆ ಗೀಚುತ್ತಾಳೆ. ಊರಿಗೆಲ್ಲ ಮಜ್ಜಿಗೆ ಕುಡಿಸುವವಳು ತಾನು ಮಾತ್ರ ಮನೆ ಸೇರುವವರೆಗೆ ಹನಿ ನೀರು ಮುಟ್ಟುವುದಿಲ್ಲ, ಕುಡಿದರೆ ಹೋಗುವುದೆಲ್ಲಿಗೆ? ನಿನ್ನೆ ಎರಡು ಚೊಂಬು ಮಜ್ಜಿಗೆ ಗಟಗಟ ಕುಡಿದು, ನೇರ ಆಫೀಸಿಗೆ ನಡೆದು, ಸಾಹೇಬರ ಮೇಜಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು: “ಈಗ ಜಾಗ ತೋರ್ಸಿ ಸಾಮಿ.”