ಮೂವತ್ತರ ಕಟ್ಟು

ಅವ್ವ ತೀರಿಕೊಂಡ ವರ್ಷ ಶಿಕಾರಿಪುರದ ನಮ್ಮ ಓಣಿಯ ಮಕ್ಕಳಿಗೆಲ್ಲ ಕುಸ್ತಿ ಕಾರ್ಡಿನ ಹುಚ್ಚು. ಬಬಲ್ ಗಮ್ ಕೊಂಡರೆ ಜೊತೆಗೊಂದು ಪೈಲ್ವಾನನ ಚಿತ್ರ. ಗಮ್ಮು ಬಾಯಿಗಿಟ್ಟರೆ ಬರೀ ರಬ್ಬರು, ಅದನ್ನು ಯಾರು ತಿನ್ನುತ್ತಿದ್ದರೋ ದೇವರೇ ಬಲ್ಲ. ನಾನಾಗ ಆರನೇ ಕ್ಲಾಸು, ತಮ್ಮ ಮೂರನೇ ಕ್ಲಾಸು. ಇಬ್ಬರಿಗೂ ಸೇರಿ ಒಂದೇ ಕಟ್ಟು.

ಓಣಿಯ ಕಾನೂನು ಹೀಗಿತ್ತು: ಕಟ್ಟಿಗೆ ಮೂವತ್ತೇ ಕಾರ್ಡು, ಒಬ್ಬನೇ ಪೈಲ್ವಾನನ ಕಾರ್ಡು ಆರಕ್ಕಿಂತ ಹೆಚ್ಚು ಇರಬಾರದು. ಕಲಸಿ, ಕಣ್ಣು ಮುಚ್ಚಿ ಐದು ಎತ್ತಬೇಕು. ಅದರಲ್ಲಿ ಮೂರು ಒಂದೇ ಮುಖ ಬಂದರೆ ಗೆದ್ದಹಾಗೆ. ಹುಡುಗರೆಲ್ಲ ಆಸೆಗೆ ಬಿದ್ದು ಕಂಡಕಂಡ ಮುಖ ತುಂಬಿಸಿಕೊಂಡು ಬರುತ್ತಿದ್ದರು, ಪೆದ್ದರು. ನಾನು ಐದೇ ಮುಖ, ಆರಾರು ಕಾರ್ಡು ಇಟ್ಟಿದ್ದೆ. ತಮ್ಮನಿಗೋ ಸಿಕ್ಕಿದ್ದೆಲ್ಲ ತುರುಕುವ ಚಟ.

“ಅಕ್ಕ, ಈ ಗಡ್ಡದೋನ್ನೂ ಹಾಕೇ. ಎಷ್ಟು ದಪ್ಪ ಅದಾನೆ ನೋಡು.”

“ಒಬ್ನೇ ಬಂದು ಏನು ಕಡಿದು ಕಟ್ಟೆ ಹಾಕ್ತಾನೆ? ತೆಗಿಯಲೇ ಅವನ್ನ.”

ತೆಗೆಯುತ್ತಿದ್ದ. ನಾವು ಗೆಲ್ಲುತ್ತಿದ್ದೆವು.

ಅವ್ವನ ಕಾರ್ಯ ಮುಗಿದ ಮೇಲೆ ಸೊರಬದ ಅತ್ತೆ, ಅಪ್ಪನ ಅಕ್ಕ, ಪಡಸಾಲೆಯಲ್ಲಿ ಕೂತು ಅಪ್ಪನ ಹತ್ತಿರ ಮಾತು ತೆಗೆದರು. ಅವರಿಗೆ ಮಕ್ಕಳಿರಲಿಲ್ಲ. “ಅಂಗಡಿ ನೋಡ್ತೀಯೋ, ಮಕ್ಕಳನ್ನ ನೋಡ್ತೀಯೋ? ಸಣ್ಣೋನು ನನ್ನ ಹತ್ರ ಇರ್ಲಿ. ಹುಡುಗಿ ಇಲ್ಲೇ ಇರ್ಲಿ, ರೊಟ್ಟಿ ಬಡಿಯಾಕಾದ್ರೂ ಆಗ್ತಾಳೆ.” ಅಪ್ಪ ಅಂಗಡಿಯ ಬೀಗದ ಕೈ ತೆಗೆದುಕೊಂಡು ಎದ್ದು ಹೋದರು. ನನಗೆ ಏನೂ ಅನ್ನಿಸಲಿಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದರೆ ಗೊತ್ತಾಗುವುದಿಲ್ಲವಲ್ಲ, ಅವ್ವ ಹೋದಾಗಿನಿಂದ ಹಾಗೇ ಇದ್ದೆ. ಒಂದೇ ಒಂದು ಮಾತು ಕೇಳಿದೆ, ಇವನು ವಾಪಸ್ ಬರ್ತಾನಾ ಅಂತ.

“ಬ್ಯಾಸಗಿ ರಜಕ್ಕೆ ಬರ್ತಾನೆ. ಆಮೇಲೆ ನೋಡಾಣ” ಅಂದರು ಅತ್ತೆ.

ಕಟ್ಟು ಹಂಚಿಕೊಳ್ಳಲು ಕೂತೆವು. ಅರ್ಧರ್ಧ ಮಾಡಿದರೆ ಇಬ್ಬರನ್ನೂ ಆಟಕ್ಕೆ ಸೇರಿಸುವುದಿಲ್ಲ. ಇಡೀ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಅವನ ಚಡ್ಡಿ ಜೇಬಿಗೆ ತುರುಕಿದೆ. “ಅಲ್ಲಿ ಹೋಗಿ ಏನೂ ಸೇರಿಸ್ಬ್ಯಾಡ. ತಿಳೀತಾ?” ಅಂದೆ. ಬಸ್ಸು ಹೊರಟಿತು. ಮನೆಗೆ ಬಂದು ರೊಟ್ಟಿ ಬಡಿದೆ.

ಬೇಸಿಗೆಯಲ್ಲಿ ಅತ್ತೆಯ ಜೊತೆ ಬಂದ. ಮೈಕೈ ತುಂಬಿಕೊಂಡಿದ್ದ. ಕಟ್ಟೂ ದಪ್ಪಗಾಗಿತ್ತು.

“ಏನೋ ಇದು?”

“ಅಲ್ಲಿ ಅರವತ್ತರ ಕಟ್ಟು ಅಕ್ಕ. ಮೂವತ್ತು ಅಂದ್ರೆ ಆಟಕ್ಕೇ ಸೇರ್ಸಲ್ಲ. ನೀನು ಸೇರಿಸ್ಬ್ಯಾಡ ಅಂದಿದ್ಯಲ್ಲ, ಅದ್ಕೇ ದೀಪಾವಳಿ ತನಕ ಕಟ್ಟೆ ಮ್ಯಾಲೆ ಕೂತ್ಕಂಡು ಬರೀ ನೋಡ್ತಿದ್ದೆ. ಆಮೇಲೆ ಸೇರಿಸ್ದೆ.”

ಜೋಮು ಹಿಡಿದಿದ್ದ ಕಡೆ ಯಾರೋ ಚಿವುಟಿದ ಹಾಗೆ ಚುಳ್ ಅಂದಿತು. ಪರವಾಗಿಲ್ಲ, ನನಗಿನ್ನೂ ನೋವು ಗೊತ್ತಾಗುತ್ತದೆ ಅಂದುಕೊಂಡೆ.

“ಗೆಲ್ತೀಯಾ?”

“ಹೂಂ. ಅಲ್ಲಿನ ಪೈಲ್ವಾನ್ರೇ ಜಾಸ್ತಿ ಬರ್ತಾರೆ. ನಮ್ಮವು ಕೈಗೆ ಬರಾದೇ ಅಪರೂಪ.”

ಕಲಸಿ ನನ್ನ ಮುಂದಿಟ್ಟ. ಕಣ್ಣು ಮುಚ್ಚಿ ಐದು ಎತ್ತಿದೆ. ಒಂದು ಮುಖವೂ ಗುರುತಿನದಲ್ಲ. ಇನ್ನೊಂದು ಸಲ ಕಲಸೋ ಅನ್ನುವಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಅವನನ್ನು ಕೂಗಿದರು.

“ಬಂದೆ ಅವ್ವಾ” ಅಂದ, ಎದ್ದು ಓಡಿದ.