ಕಿವಿಯ ಹಿಂದಿನ ಕಡ್ಡಿಪೆಟ್ಟಿಗೆ

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಆ ಮರ ಓಕ್ ಆಗಿತ್ತೋ ಬೀಚ್ ಆಗಿತ್ತೋ, ಸಿಸ್ಟರ್ ಅವರ ಕೋಟು ನೀಲಿಯೋ ಬೂದು ಬಣ್ಣದ್ದೋ, ಆ ಸಂಜೆಯ ಮಾತುಗಳಲ್ಲಿ ಎಷ್ಟು ನಿಜವಾಗಿ ಆಡಿದ್ದು, ಎಷ್ಟು ನಾನೇ ಆಮೇಲೆ ಸೇರಿಸಿಕೊಂಡದ್ದು... ಪ್ರಮಾಣ ಮಾಡಿ ಹೇಳಲಾರೆ. ನಾನು ದಿನಚರಿ ಬರೆಯುವವಳು. ಆದರೂ ಆ ವಸಂತದ ಪುಟಗಳನ್ನು ತೆಗೆದು ನೋಡಿದರೆ ಬರೆಯಬೇಕಾಗಿದ್ದದ್ದು ಒಂದೂ ಅಲ್ಲಿಲ್ಲ. ನನ್ನ ಬಳಿ ಇರುವ ಗಟ್ಟಿ ಸಾಕ್ಷಿ ಒಂದೇ ಒಂದು ಚೀಟಿ.

ಚೀಟಿ ಸಿಕ್ಕಿದ್ದು ಹಳೆಯ ಆರ್ಡ್ನರ್‌ನಲ್ಲಿ. ಜರ್ಮನಿಯಲ್ಲಿ ಬದುಕಿದವರಿಗೆಲ್ಲ ಅದು ಗೊತ್ತು. ಬಂದ ಕಾಗದಕ್ಕೆಲ್ಲ ಎರಡು ತೂತು ಹೊಡೆದು ಪೋಣಿಸಿಡುವ ದಪ್ಪ ರಟ್ಟಿನ ಫೈಲು. ಕಳೆದ ತಿಂಗಳು ಪೆನ್ಷನ್ ಕಚೇರಿಯಿಂದ ನಮ್ಮವರಿಗೆ ಪತ್ರ ಬಂತು, ಮೊದಲ ವರ್ಷಗಳ ಕೆಲಸದ ದಾಖಲೆ ಬೇಕು ಎಂದು. ಕಟ್ಟಡದ ನೆಲಮಾಳಿಗೆಗೆ ಇಳಿದು ಆ ಕಾಲದ ಫೈಲನ್ನು ತೆರೆದೆ. ತೇವ ಹಿಡಿದ ರಟ್ಟಿನ ವಾಸನೆ ಮೂಗಿಗೆ ಬಡಿಯಿತು. ನೌಕರಿಯ ಕರಾರಿಗೂ ಬಾಡಿಗೆ ಮನೆಯ ಪತ್ರಕ್ಕೂ ನಡುವೆ, ಚೌಕುಳಿ ಗೆರೆಯ ಅರ್ಧ ಹಾಳೆ ಇತ್ತು. ಗುಂಡಗಿನ ಕನ್ನಡ ಅಕ್ಷರಗಳು. ಇಪ್ಪತ್ತು ವರ್ಷದ ಮೇಲಾಗಿದ್ದರೂ ಓದುವ ಮೊದಲೇ ಗೊತ್ತಾಯಿತು, ಇದು ಸಿಸ್ಟರ್ ಕೈಬರಹ.

ಅದರಲ್ಲಿ ಏನಿತ್ತು ಎಂದು ಹೇಳುವ ಮೊದಲು ಸಿಸ್ಟರ್ ಬಗ್ಗೆ ಹೇಳಬೇಕು.

ಅವು ಇಲ್ಲಿಯ ಗ್ರೀನ್ ಕಾರ್ಡಿನ ವರ್ಷಗಳು. ಕಂಪ್ಯೂಟರ್ ಕೆಲಸ ಬಲ್ಲವರಿಗೆ ಐದು ವರ್ಷದ ಪರ್ಮಿಟ್ ಕೊಟ್ಟು ಕರೆಸಿಕೊಳ್ಳುತ್ತಿದ್ದರು. ನಮ್ಮವರು ಹಾಗೆ ಬಂದವರು. ಆರು ತಿಂಗಳ ಮೇಲೆ ನಾನು ಒಂದೂವರೆ ವರ್ಷದ ಮಗಳನ್ನು ಎತ್ತಿಕೊಂಡು ಹುಬ್ಬಳ್ಳಿಯಿಂದ ಬಂದೆ. ಶ್ವೀಬರ್ಡಿಂಗೆನ್ ಎಂಬ ಊರಿನಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ಒಂದು ಹಳ್ಳಿಯಲ್ಲಿ ಮೂರು ಅಂತಸ್ತಿನ ಮನೆ. ನಾವು ನಡುವೆ, ಮೇಲೆ ಸಿಸ್ಟರ್. ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ಇಪ್ಪತ್ತೆರಡರ ವಯಸ್ಸಿಗೆ ನರ್ಸ್ ಆಗಿ ಬಂದು, ಕೊನೆಯ ಮೂವತ್ತು ವರ್ಷ ಮಕ್ಕಳ ವಾರ್ಡಿನಲ್ಲಿ ದುಡಿದು ನಿವೃತ್ತರಾದವರು. ಇಡೀ ಹಳ್ಳಿ ಅವರನ್ನು ಶ್ವೆಸ್ಟರ್ ಎನ್ನುತ್ತಿತ್ತು, ನಾನು ಸಿಸ್ಟರ್ ಎನ್ನುತ್ತಿದ್ದೆ. ಹಗಲು ಹೊತ್ತಿನಲ್ಲಿ ಕನ್ನಡದಲ್ಲಿ ಮಾತಾಡಲು ನನಗಿದ್ದವರು ಅವರೊಬ್ಬರೇ. ನನ್ನ ‘ಹೌದ್ರಿ’ಗೆ ಅವರು ನಗುತ್ತಿದ್ದರು, ಅವರ ‘ಎಂತದು’ವಿಗೆ ನಾನು.

ಮಗಳಿಗೆ ಮೂರು ತುಂಬುತ್ತ ಬಂದಿತ್ತು. ಮಾತು ಬಂದಿರಲಿಲ್ಲ. ಮೂರೋ ನಾಲ್ಕೋ ಶಬ್ದ, ಅವೂ ನನಗೆ ಮಾತ್ರ ತಿಳಿಯುವಂಥವು. ಅವರಪ್ಪನೂ ಮೂರು ತುಂಬುವ ತನಕ ಬಾಯಿ ಬಿಟ್ಟಿರಲಿಲ್ಲ ಎಂದು ಅತ್ತೆ ಫೋನಿನಲ್ಲಿ ಹೇಳುತ್ತಿದ್ದರು. ಮೂರು ಭಾಷೆ ಕಿವಿಗೆ ಬಿದ್ದರೆ ಮಕ್ಕಳಿಗೆ ಗೊಂದಲ ಎಂದು ಗೆಳತಿಯರು ಹೇಳುತ್ತಿದ್ದರು. ಎರಡನ್ನೂ ನಾನು ಸಂತೋಷದಿಂದ ನಂಬಿದೆ.

ಆ ವಸಂತದಲ್ಲೇ ನಮ್ಮವರ ಕಂಪನಿ ಅವರ ವಿಭಾಗವನ್ನು ಮುಚ್ಚುವುದಾಗಿ ಹೇಳಿತು. ಹೊಸ ಕೆಲಸವೇನೋ ಸಿಕ್ಕಿತು, ಆದರೆ ಪರ್ಮಿಟ್ ಹೊಸದಾಗಿ ಆಗಬೇಕಿತ್ತು. ಅರ್ಜಿ ಕಚೇರಿಯಲ್ಲಿ ಕೂತಿತ್ತು. ನಮ್ಮವರು ಉಂಡ ತಾಟನ್ನು ಎತ್ತಿಡುವುದನ್ನೂ ಮರೆತು ಕೂರುತ್ತಿದ್ದರು. ಒಂದು ಭಾನುವಾರ ಅವರ ಗೆಳೆಯ ಬಂದವನು ಹೇಳಿದ: “ಗುರು, ಈಗ ಯಾವ ಜಡ್ಡೂ ಕಾಗದದ ಮ್ಯಾಲೆ ಬರಬಾರ್ದು ನೋಡು. ಡಾಕ್ಟರ್ ಬರದಿದ್ದು ಇನ್ಶೂರೆನ್ಸ್‌ಗೆ ಹೋಗತೈತಿ, ಅಲ್ಲಿಂದ ಎಲ್ಲಿಗೆ ಹೋಗತೈತೋ ಯಾರಿಗ್ಗೊತ್ತು.” ಅದು ಶುದ್ಧ ಸುಳ್ಳು ಎಂದು ನಮಗೆ ತಿಳಿದದ್ದು ಬಹಳ ತಡವಾಗಿ. ಇಬ್ಬರೂ ಡಿಗ್ರಿ ಓದಿದವರು, ಅಂದು ನಂಬಿದೆವು. ಸಿಸ್ಟರ್ ಮುಂದೆಯೂ ನಾನು ಈ ಭಯವನ್ನು ತೋಡಿಕೊಂಡಿದ್ದೆ.

ಏಪ್ರಿಲ್ ಕೊನೆಯಲ್ಲಿ ಸಿಸ್ಟರ್ ಬಾಗಿಲಿಗೆ ಬಂದು, ಈ ವರ್ಷ ಹುಳ ಏಳುವ ವರ್ಷ, ಮಗುವನ್ನು ಹೊರಗೆ ತಾ ಎಂದರು. ಮೈಕೇಫರ್ ಎನ್ನುತ್ತಾರೆ ಇಲ್ಲಿ, ಮೇ ತಿಂಗಳ ಹುಳ. ನಾಲ್ಕು ವರ್ಷ ನೆಲದೊಳಗಿದ್ದು ಒಂದೇ ವಸಂತದಲ್ಲಿ ಸಾವಿರಗಟ್ಟಲೆ ಮೇಲೆ ಬರುತ್ತವೆ. ಮೂರು ವಾರ ಮರದ ಎಲೆ ತಿಂದು, ಮೊಟ್ಟೆಯಿಟ್ಟು ಸಾಯುತ್ತವೆ. ನಾನು ನೋಡಿ, ಜೀರುಂಡೆ ಎಂದೆ. ಸಿಸ್ಟರ್ ಒಪ್ಪಲಿಲ್ಲ. ಅವರ ಘಟ್ಟದ ಕೆಳಗಿನ ಊರಲ್ಲಿ ಜೀರುಂಡೆ ಎಂದರೆ ಬೇಸಿಗೆಯಲ್ಲಿ ಮರದ ಮೇಲೆ ಕೂತು ಕಿವಿ ಒಡೆಯುವ ಹಾಗೆ ಕೂಗುವಂಥದ್ದು. ಹಾಗಾದರೆ ಇದಕ್ಕೆ ನಿಮ್ಮ ಕಡೆ ಎಂತ ಹೇಳುದು ಎಂದು ಕೇಳಿದರು. ಹುಳ ಅಂತೀವ್ರಿ, ಎಂದೆ. “ನಿಮಗೆ ಎಲ್ಲವೂ ಹುಳವೇ ಮಾರಾಯ್ತಿ,” ಎಂದು ನಕ್ಕರು.

ಎಂಟೂವರೆಯ ತನಕ ಬೆಳಕಿರುವ ದಿನಗಳು. ಊಟ ಮುಗಿಸಿ ಮೂವರೂ ಹಳ್ಳಿಯ ಹಿಂದಿನ ಹೊಲದ ದಾರಿ ಹಿಡಿದು, ಸೇಬಿನ ಮರಗಳನ್ನು ದಾಟಿ, ಕಾಡಿನ ಅಂಚಿಗೆ ಹೋಗುತ್ತಿದ್ದೆವು. ಹುಲ್ಲಿನಲ್ಲಿ ಪೆನ್ಸಿಲ್ ತೂರುವಷ್ಟು ಅಗಲದ ತೂತುಗಳು. ಹೊತ್ತು ಮುಳುಗುತ್ತಿದ್ದಂತೆ ಅವುಗಳಿಂದ ಕಂದು ಹುಳಗಳು ಎದ್ದು ಅಲ್ಲಿದ್ದ ಒಂದು ದೊಡ್ಡ ಮರಕ್ಕೆ ನುಗ್ಗುತ್ತಿದ್ದವು. ಹರಿದ ಹಸಿರೆಲೆಯ ಕಹಿ ವಾಸನೆ. ಹಳ್ಳಿಯ ಮುದುಕರು ಬೆನ್ನ ಹಿಂದೆ ಕೈ ಕಟ್ಟಿ ನಿಂತು ನೋಡುತ್ತಿದ್ದರು. ಸಿಸ್ಟರ್ ಒಂದು ಶೂ ಡಬ್ಬಿಯ ಮುಚ್ಚಳಕ್ಕೆ ಸ್ವೆಟರ್ ಹೆಣೆಯುವ ಕಡ್ಡಿಯಿಂದ ತೂತು ಮಾಡಿ, ಎಲೆ ಹಾಕಿ ಮಗಳಿಗೆ ಕೊಟ್ಟಿದ್ದರು. ಹಾರುವ ಮುನ್ನ ಹುಳ ಮೈಯನ್ನು ಮೇಲೆ ಕೆಳಗೆ ಒತ್ತುತ್ತದೆ, ಅದು ಎಣಿಸುತ್ತಿದೆ ಎನ್ನುತ್ತಾರೆ ಇಲ್ಲಿಯವರು. ತೋಳಿನ ಮೇಲೆ ಕೂತ ಹುಳ ಎಣಿಸುವುದನ್ನು ಮಗಳು ಉಸಿರು ಹಿಡಿದು ನೋಡುತ್ತಿದ್ದಳು. ಅದು ಹಾರಿದರೆ ತಾನೂ ಕೈ ಎತ್ತುತ್ತಿದ್ದಳು.

ನಾನು ಗಮನಿಸಿದ್ದೆ. ಮೊದಲು ಬರುತ್ತಿದ್ದದ್ದು ಸದ್ದು, ದೂರದಲ್ಲಿ ಗಿರಣಿ ಶುರುವಾದ ಹಾಗೆ. ಎಲ್ಲರ ತಲೆಯೂ ಒಟ್ಟಿಗೆ ಮೇಲೇಳುತ್ತಿತ್ತು. ಮಗಳ ತಲೆ ಏಳುತ್ತಿದ್ದದ್ದು ನನ್ನ ಮುಖ ನೋಡಿದ ಮೇಲೆ. ಗಮನಿಸಿದ್ದೆ, ಮತ್ತೆ ಅದನ್ನು ಎಲ್ಲೋ ಇಟ್ಟು ಮರೆತಿದ್ದೆ.

ಐದನೆಯ ಸಂಜೆಯೋ ಆರನೆಯದೋ... ಮಗಳು ಹುಲ್ಲಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಸಿಸ್ಟರ್ ಕೋಟಿನ ಜೇಬಿನಿಂದ ಒಂದು ಕಡ್ಡಿಪೆಟ್ಟಿಗೆ ತೆಗೆದರು. ಒಳಗೆ ಹುಳ ಪರಪರ ಕೆರೆಯುವುದು ಎರಡು ಹೆಜ್ಜೆ ದೂರದಲ್ಲಿದ್ದ ನನಗೆ ಕೇಳುತ್ತಿತ್ತು. ಅವರು ಮಗುವಿನ ಹಿಂದೆ ಬಗ್ಗಿ ಅದನ್ನು ಬಲಗಿವಿಯ ಹತ್ತಿರ ಹಿಡಿದರು. ನಂತರ ಎಡಗಿವಿಯ ಹತ್ತಿರ. ಮತ್ತೆ ಬಲಕ್ಕೆ. ಮೂರನೆಯ ಸಲ ಹಿಡಿದಾಗ ಅವರು ಮಾಡುತ್ತಿರುವುದೇನೆಂದು ನನಗೆ ಹೊಳೆಯಿತು. ಮಗಳು ತಿರುಗಲಿಲ್ಲ.

ಆಟದಲ್ಲಿ ಮುಳುಗಿದ್ದಾಳೆ ಎಂದೆ. ಬಾಗಿಲು ಬಡಿದರೆ ತಿರುಗುತ್ತಾಳೆ ಎಂದೂ ಹೇಳಿದೆ.

“ಬಾಗಿಲು ನೆಲ ಅಲುಗಿಸ್ತದೆ,” ಎಂದರು ಸಿಸ್ಟರ್. “ಅದು ಕಾಲಿಗೆ ಗೊತ್ತಾಗುದು. ಈ ಮಗುವಿಗೆ ಸರಿ ಕೇಳುದಿಲ್ಲ. ನಾಳೆಯೇ ಕಿವಿ ಡಾಕ್ಟರ ಹತ್ರ ಕರ್ಕೊಂಡು ಹೋಗು.”

ನಾನು ಮಗಳ ಕೈ ಹಿಡಿದು ಹೊರಟೆ. ಹೊಲದ ದಾರಿಯಲ್ಲಿ ಅವಳು ಕೈ ಕೊಸರಿಕೊಂಡು ಮುಂದೆ ನಡೆದಳು, ಡಬ್ಬಿಯನ್ನು ಎದೆಗೆ ಒತ್ತಿಕೊಂಡು, ದಾರಿಯ ನಟ್ಟನಡುವೆ. ಹಿಂದಿನಿಂದ ಸೈಕಲ್ ಗಂಟೆ ಕೇಳಿತು. ನಾನು ಪಕ್ಕಕ್ಕೆ ಸರಿದೆ. ಸೈಕಲ್ ಇಳಿಜಾರಿನಲ್ಲಿ ವೇಗವಾಗಿ ಬರುತ್ತಿತ್ತು. ಗಂಟೆ ಬಾರಿಸುತ್ತಲೇ ನನ್ನನ್ನು ದಾಟಿತು. ಮಗಳು ಸರಿಯಲಿಲ್ಲ. ಹೆಸರು ಹಿಡಿದು ಕಿರುಚಿದೆ, ಸರಿಯಲಿಲ್ಲ. ಸವಾರ ಹೊಲಕ್ಕೆ ತಿರುಗಿಸಿ ಬಿದ್ದ, ಎದ್ದು ನನ್ನನ್ನು ಬೈದ. ಅವನು ಬಿದ್ದದ್ದು ಕಂಡ ಮೇಲೆಯೇ ಮಗಳು ನಿಂತದ್ದು. ತಿರುಗಿ ನನ್ನ ಬಾಯಿಯನ್ನೇ ನೋಡಿದಳು. ಕಣ್ಣನ್ನಲ್ಲ, ಬಾಯಿಯನ್ನು... ಸಿಸ್ಟರ್ ಹಿಂದೆ ನಿಂತಿದ್ದರು.

ನಮ್ಮವರಿಗೆ ಎಲ್ಲವನ್ನೂ ಹೇಳಿದೆ. ಹೇಳಿದೆನೆಂದೇ ನೆನಪು. ಅವರು ಹೇಳಿದರು: “ಮೂರು ತಿಂಗಳು ತಡಿ. ಪರ್ಮಿಟ್ ಕೈಗೆ ಬರ್ಲಿ, ಆಮ್ಯಾಲೆ ಎಲ್ಲಾ ತೋರಸೂಣು.” ನಾನು ಜಗಳ ಮಾಡಲಿಲ್ಲ. ಮೂರು ತಿಂಗಳು ಎಂಬ ಲೆಕ್ಕ ಸಿಕ್ಕಿದ್ದೇ ನನಗೂ ಹಗುರವಾಗಿತ್ತು.

ಮರುದಿನ ಸಂಜೆ ಅದೇ ಹೊತ್ತಿಗೆ ಕರೆಗಂಟೆ ಬಾರಿಸಿತು. ನಾನು ನಡುಮನೆಯಲ್ಲಿ ನಿಂತಿದ್ದೆ. ಗಂಟೆ ಇದ್ದದ್ದು ಬಾಗಿಲ ಮೇಲೆಯೇ, ಅದರ ಕೆಳಗೆ ಎರಡು ಮಾರು ದೂರದಲ್ಲಿ ಮಗಳು ಡಬ್ಬಿ ತೆರೆದುಕೊಂಡು ಕೂತಿದ್ದಳು. ಎರಡನೆಯ ಸಲ ಬಾರಿಸಿತು. ಅವಳು ಎಲೆಯನ್ನು ಸರಿಪಡಿಸುತ್ತಿದ್ದಳು. ಮೂರನೆಯ ಸಲ ಉದ್ದಕ್ಕೆ ಬಾರಿಸಿತು. ನಾನು ಬಾಗಿಲನ್ನು ನೋಡಲಿಲ್ಲ, ಮಗಳ ಬೆನ್ನನ್ನೇ ನೋಡುತ್ತಿದ್ದೆ. ಸ್ವಲ್ಪವಾದರೂ ಅಲುಗಲಿ ಎಂದು. ಆಮೇಲೆ ಸಿಸ್ಟರ್ ಚಪ್ಪಲಿಯ ಸದ್ದು ಮೆಟ್ಟಿಲು ಹತ್ತಿ ಹೋಯಿತು.

ಅಲ್ಲಿಂದ ಮುಂದೆ ನಾನು ಇಪ್ಪತ್ತು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದ ಕತೆ ಹೀಗಿದೆ: ಸಿಸ್ಟರ್ ಒಂದು ಸಲ ಹೇಳಿದರು, ನಾವು ಕೇಳಲಿಲ್ಲ, ಅವರು ಮುಖ ತಿರುಗಿಸಿಕೊಂಡರು. ಈ ವಾರ ಮೆಟ್ಟಿಲು ಗುಡಿಸುವ ಸರದಿ ಯಾರದೆಂದು ತೋರಿಸುವ ಹಲಗೆಯನ್ನು ಸಹ ನಮ್ಮ ಬಾಗಿಲಿಗೆ ಸದ್ದಿಲ್ಲದೆ ತೂಗುಹಾಕಿ ಹೋಗುತ್ತಿದ್ದರು. ಅಷ್ಟೆಲ್ಲ ಗೊತ್ತಿದ್ದವರು ಇನ್ನೊಂದು ಮಾತು ಯಾಕೆ ಹೇಳಲಿಲ್ಲ, ಮೂವತ್ತು ವರ್ಷದ ನರ್ಸ್ ಅಲ್ಲವೇ... ಎಂದು ಮನಸ್ಸಿನಲ್ಲಿ ಅವರ ಮೇಲೊಂದು ದೂರು ಇಟ್ಟುಕೊಂಡಿದ್ದೆ. ಆ ದೂರು ನನಗೆ ಬಹಳ ಉಪಯೋಗಕ್ಕೆ ಬಂತು.

ಪರ್ಮಿಟ್ ಬಂತು. ಹೊಸ ಕೆಲಸಕ್ಕೆ ಹತ್ತಿರವೆಂದು ಫೊಯರ್‌ಬಾಕ್‌ಗೆ ಮನೆ ಬದಲಿಸಿದೆವು. ಮೂರು ತಿಂಗಳು ಒಂದೂವರೆ ವರ್ಷವಾಯಿತು. ಕೊನೆಗೂ ಡಾಕ್ಟರಲ್ಲಿಗೆ ಹೋದದ್ದು ಕಿಂಡರ್‌ಗಾರ್ಟನ್‌ನವರು ಹೋಗಲೇಬೇಕೆಂದ ಮೇಲೆ. ಎರಡೂ ಕಿವಿಗೆ ಯಂತ್ರ ಬಂತು. ಇಷ್ಟು ದಿನ ಯಾರೂ ಗಮನಿಸಲಿಲ್ಲವೇ ಎಂದು ಡಾಕ್ಟರು ಕೇಳಿದರು. ಇಲ್ಲ, ಎಂದದ್ದು ನಾನು. ಇದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ನಾಲ್ಕು ವರ್ಷಕ್ಕೆ ಹುಳ ಮತ್ತೆ ಎದ್ದವು. ಮಗಳನ್ನು ಕರೆದುಕೊಂಡು ಆ ಹಳ್ಳಿಗೆ ಹೋದೆ. ಸಿಸ್ಟರ್ ಮುಂದೆ ಅವಳಿಂದ ಎರಡು ಮಾತು ಆಡಿಸಬೇಕು, ನಾನೂ ಒಂದು ಮಾತು ಆಡಬೇಕು ಎಂದುಕೊಂಡಿದ್ದೆ. ಗಂಟೆಯ ಪಕ್ಕ ಬೇರೆ ಹೆಸರಿತ್ತು. ಹಿಂದಿನ ಚಳಿಗಾಲದಲ್ಲೇ ತೀರಿಕೊಂಡರು ಎಂದು ಹೊಸ ಬಾಡಿಗೆಯವರು ಹೇಳಿದರು. ಮರದ ಕೆಳಗೆ ಮಗಳು ಯಾರಿಗಿಂತಲೂ ಮೊದಲು ತಲೆ ಎತ್ತಿ, ಯಾವ ಮಶೀನು ಅದು, ಎಂದು ಜರ್ಮನ್‌ನಲ್ಲಿ ಕೇಳಿದಳು. ಈಗ ಅವಳು ಯೇನಾ ನಗರದಲ್ಲಿ ಮಸೂರಗಳ ಕೆಲಸ ಮಾಡುತ್ತಾಳೆ. ಕನ್ನಡದಲ್ಲಿ ಕೇಳಿದರೆ ಇಂದಿಗೂ ಮೊದಲು ನನ್ನ ಬಾಯಿಯನ್ನು ನೋಡುತ್ತಾಳೆ.

ಚೀಟಿಯಲ್ಲಿ ಹೀಗಿದೆ: “ಮಂಗಳವಾರ ಹತ್ತು ಗಂಟೆಗೆ ಕಿವಿ ಡಾಕ್ಟರ ಹತ್ರ ಹೇಳಿ ಇಟ್ಟಿದ್ದೇನೆ. ನನಗೆ ಪರಿಚಯದವರು. ನಿಮ್ಮ ಪರ್ಮಿಟಿಗೆ ಇದರಿಂದ ಏನೂ ಆಗುದಿಲ್ಲ, ಕೇಳಿ ತಿಳ್ಕೊಂಡಿದ್ದೇನೆ. ಒಂಬತ್ತೂಕಾಲಿಗೆ ಬಸ್ ಸ್ಟಾಪಿನಲ್ಲಿ ನಿಂತಿರ್ತೇನೆ. ಮಗುವನ್ನು ಕರ್ಕೊಂಡು ಬಾ, ಸಾಕು.”

ಸಿಸ್ಟರ್ ಚೀಟಿ ಹಾಕಿದ್ದು ನಮ್ಮ ಅಂಚೆಪೆಟ್ಟಿಗೆಗೆ ಇರಬೇಕು, ಅದರ ಒಂದು ಕೀಲಿ ನಮ್ಮವರ ಗೊಂಚಲಿನಲ್ಲಿತ್ತು. ಇನ್ನೊಂದು ನಮ್ಮ ಬಾಗಿಲ ಹಿಂದೆ ಮೊಳೆಗೆ ತೂಗುತ್ತಿತ್ತು. ಚೀಟಿಯ ಅಂಚಿನಲ್ಲಿ ಎರಡು ತೂತುಗಳಿವೆ, ಸರಿಯಾಗಿ ನಡುವೆ ಮಡಚಿದೆ. ಪೆಟ್ಟಿಗೆಗೆ ಹಾಕಲು ಸಿಸ್ಟರೇ ಮಡಚಿರಬಹುದು. ಆದರೆ ಭಾನುವಾರಗಳಂದು ಕಾಗದಗಳಿಗೆ ತೂತು ಹೊಡೆದು ಜೋಡಿಸುತ್ತಿದ್ದದ್ದು ಹೆಚ್ಚಾಗಿ ನಾನು. ನಡು ಸಿಗಲೆಂದು ಹಾಳೆಯನ್ನು ಹೀಗೆಯೇ ಮಡಚುತ್ತಿದ್ದೆ. ಆ ಮಂಗಳವಾರದ ದಿನಚರಿ ತೆಗೆದೆ. “ಬಿಸಿಲು. ಬಟ್ಟೆ ಒಗೆದೆ.” ಅಷ್ಟೇ. ಅಡುಗೆಮನೆಯ ಕಿಟಕಿಯಿಂದ ಬಸ್ ಸ್ಟಾಪು ಕಾಣುತ್ತಿತ್ತು. ಚೀಟಿ ಸಿಕ್ಕಿದ ದಿನದಿಂದ, ಸಿಸ್ಟರ್ ಅಲ್ಲಿ ಕೋಟು ಹಾಕಿಕೊಂಡು ನಮ್ಮ ಮನೆಯ ಕಡೆ ನೋಡುತ್ತ ನಿಂತಿರುವುದು ನನಗೆ ಕಾಣುತ್ತದೆ. ಬಸ್ಸು ಬಂದು ಹೋಗುತ್ತದೆ, ಅವರು ಅಲ್ಲೇ ಇರುತ್ತಾರೆ... ಇದು ಅಂದು ಕಂಡದ್ದೋ, ಓದಿದ ಮೇಲೆ ನಾನು ಬರೆದುಕೊಂಡ ಚಿತ್ರವೋ, ಬೇರ್ಪಡಿಸಲು ಆಗುತ್ತಿಲ್ಲ.

ಸಿಕ್ಕಿದ ದಿನವೇ ನೆಲಮಾಳಿಗೆಯಿಂದ ಮೇಲೆ ಬಂದು ಚೀಟಿಯನ್ನು ನಮ್ಮವರ ಮುಂದಿಟ್ಟಿದ್ದೆ. ಅವರು ಓದಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಆಮೇಲೆ ಅದನ್ನು ಇದ್ದ ಜಾಗಕ್ಕೇ ಪೋಣಿಸಿ ಫೈಲಿನ ಕ್ಲಿಪ್ಪನ್ನು ಒತ್ತಿದರು. ಅವತ್ತು ಕೇಳಿದ್ದನ್ನು ನಿನ್ನೆಯೂ ಕೇಳಿದೆ. ನಿನ್ನೆಯೂ ಅವರು ಕಿಟಕಿಯ ಕಡೆ ತಿರುಗಿ ಕೂತರು. ನಾನು ಕೇಳಿದ್ದು ಇಷ್ಟೇ: “ಇದಕ್ಕ ತೂತು ಹೊಡದಾಕಿ ನಾನ ಏನ್ರಿ?”