ಎಸಿ ಗಾಳಿಗೆ ಒಣಗಿದ ಸಂಡಿಗೆ

"ಹವಾಮಾನ ಬದಲ ಮಾಡೋ ತಾಕತ್ತು ಮನುಷ್ಯಾಗ ಎಲ್ಲಿ ಅದ ರೀ? ಅದೆಲ್ಲಾ ನಿಸರ್ಗದ ಆಟ," ಎಂದು ನಮ್ಮ ಕಾಕಾ ಸೋಫಾದ ಕೈ ಗುದ್ದಿದರು. ನಿಗಡಿ ಬಡಾವಣೆಯ ಅವರ ಮನೆಯಲ್ಲಿ ಹೌಸಿಂಗ್ ಸೊಸೈಟಿಯ ಮೀಟಿಂಗ್ ನಡೆದಿತ್ತು. ತಾರಸಿಗೆ ಸೋಲಾರ್ ಹಾಕಿಸುವ ಮಾತು ಅರ್ಧಕ್ಕೇ ನಿಂತು, ಈ ಪರಿ ಸೆಕೆಗೆ ಮನುಷ್ಯ ಕಾರಣವೋ ಅಲ್ಲವೋ ಎಂಬ ಜಗಳ ಜೋರಾಗಿತ್ತು. ಹೊರಗೆ ಮುಂಜಾನೆಯೇ ಹಿಡಿದ ಅಕಾಲದ ಮಳೆ ಆಗಷ್ಟೇ ನಿಂತಿತ್ತು. ಒಳಗೆ ಬೆಳಗಿನಿಂದ ಎಸಿ ಓಡುತ್ತಲೇ ಇತ್ತು.

ಅಷ್ಟರಲ್ಲಿ ಅವರ ಹೆಂಡತಿ, ನಮ್ಮ ಕಾಕು, ಹೊರಗಿನ ಗ್ಯಾಲರಿಯಿಂದ ಒಂದು ಮೊರ ತಂದು ಕಾಕಾನ ಮುಂದಿಟ್ಟರು. ಮೊರದ ತುಂಬ ಗರಿಗರಿ ಸಂಡಿಗೆ.

"ಮುಂಜಾನೆ ತಾರಸಿ ಮ್ಯಾಲೆ ಮಳ್ಯಾಗ ತೊಯ್ದಿದ್ದವು. ನಿಮ್ಮ ಎಸಿ ಹೊರಗ ಬಿಡೋ ಬಿಸಿ ಗಾಳಿಗೆ ಇಟ್ಟೆ, ಹ್ಯಾಂಗ ಒಣಗ್ಯಾವ ನೋಡ್ರಿ. ಇಂಥಾ ಗಾಳಿ ಊರ ತುಂಬ ಬಿಟ್ಟು, ನಾವೇನೂ ಮಾಡಿಲ್ಲ ಅಂತೀರಲ್ಲ."

ಕಾಕಾ ಒಂದು ಸಂಡಿಗೆ ಮುರಿದು ನೋಡಿದರು. ಚೂರನ್ನು ಮೊರಕ್ಕೆ ಹಾಕಿ, "ಸೋಲಾರ್ ವಿಷಯ ಎಲ್ಲಿಗೆ ಬಂತು?" ಎಂದು ಕೇಳಿದರು.

ಇಡೀ ಭೂಮಿಯ ಸೆಕೆ ಒಂದು ಮೊರದಲ್ಲಿ ಹಿಡಿಯುವಂಥದ್ದಲ್ಲ, ನನಗೂ ಗೊತ್ತು. ಆದರೆ ಮನುಷ್ಯನಿಂದ ಏನು ಮಹಾ ಆಗುತ್ತದೆ ಎನ್ನುವವರೊಡನೆ ನಾನೀಗ ವಾದಿಸುವುದಿಲ್ಲ. ಕಾಕು ಕೊಟ್ಟ ಸಂಡಿಗೆ ಕರಿದು ಕೊಡುತ್ತೇನೆ. ತಿಂದಾದ ಮೇಲೆ, ಅವು ಎಲ್ಲಿ ಒಣಗಿದವೆಂದು ಹೇಳುತ್ತೇನೆ.